ಕುರ್ಚಿಗಾಗಿ ಕಡ ತಂದ ನಾಯಿಮರಿ

ಕುರ್ಚಿಯೊಂದು ಖಾಲಿಯಾಗದೆ ಇದ್ದಿದ್ದರೆ ಮೀಟರಪ್ಪ ಆ ಭಾನುವಾರ ಬೆಳಗ್ಗೆ ಎಲ್ಲ ಮರ್ಯಾದಸ್ಥರಂತೆ ಹಾಸಿಗೆಯಲ್ಲಿ ಬಿದ್ದುಕೊಂಡಿರುತ್ತಿದ್ದ. ಆದರೆ ವಿದ್ಯುತ್ ಕಚೇರಿಯ ದೂರು ವಿಭಾಗದಲ್ಲಿ ಕೂರುತ್ತಿದ್ದ ಹಿರಿಯರು ನಿವೃತ್ತರಾದರು. ಅವರು ಬಿಟ್ಟುಹೋದ ಕುರ್ಚಿ ಫ್ಯಾನಿನ ಕೆಳಗಿತ್ತು, ಕಿಟಕಿಯ ಪಕ್ಕದಲ್ಲಿತ್ತು, ಎಲ್ಲಕ್ಕಿಂತ ಮುಖ್ಯವಾಗಿ ಕಚೇರಿಯ ಒಳಗಿತ್ತು. ಅಲ್ಲಿಗೆ ನಾಯಿಗಳು ಬರುವುದಿಲ್ಲ. ಮನುಷ್ಯರು ಬರುತ್ತಾರೆ, ಮೇಜು ಗುದ್ದುತ್ತಾರೆ, ವಂಶವನ್ನೆಲ್ಲ ಎತ್ತಿ ಬೈಯುತ್ತಾರೆ, ಆದರೆ ಕಚ್ಚುವುದಿಲ್ಲ.

ಮೀಟರಪ್ಪ ಎಂಬುದು ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಮನೆಮನೆಗೆ ಹೋಗಿ ಕರೆಂಟಿನ ಮೀಟರ್ ಓದಿ ಬಿಲ್ಲು ಹರಿದು ಕೊಡುವವನಿಗೆ ಓಣಿಯ ಮಕ್ಕಳು ಇಟ್ಟ ಹೆಸರು. ಹದಿನೈದು ವರ್ಷ ಅದೇ ಕೆಲಸ ಮಾಡಿ ಅವನ ಎರಡು ಕಾಲುಗಳೂ ಊರಿನ ನಕ್ಷೆಯಂತಾಗಿದ್ದವು. ಎಡಗಾಲಿನ ಮೀನಖಂಡದಲ್ಲಿ ಬೇಕರಿ ಓಣಿಯಿತ್ತು. ಬಲಗಾಲಿನ ಹಿಮ್ಮಡಿಯ ಮೇಲೆ ವಕೀಲರ ಮನೆಯಿತ್ತು. ಕೂರುವ ಜಾಗದಲ್ಲಿದ್ದದ್ದು ಡಾಕ್ಟರ ಮನೆಯದು. ಅದನ್ನು ಅವನು ಹೆಂಡತಿಗೆ ಬಿಟ್ಟು ಬೇರೆ ಯಾರಿಗೂ ತೋರಿಸಿರಲಿಲ್ಲ. ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆಯನ್ನು ಕಟ್ಟಿದವನು ಮೀಟರ್ ಓದುವ ಕೆಲಸದವನಲ್ಲ ಎಂಬುದು ಅವನ ಖಚಿತ ಅಭಿಪ್ರಾಯ. ಅವನನ್ನು ಕಚ್ಚಿದ ನಾಯಿಗಳೆಲ್ಲ ಮೊದಲು ಹೊಟ್ಟೆ ತುಂಬ ಬೊಗಳಿ ಆಮೇಲೆಯೇ ಕಚ್ಚಿದ್ದವು.

ಆ ಕುರ್ಚಿಗೆ ಯಾರು ಎಂದು ತೀರ್ಮಾನಿಸಬೇಕಾದವರು ಹೊಸದಾಗಿ ಬಂದ ಇಂಜಿನಿಯರ್ ಮೇಡಂ. ಸೋಮವಾರ ಸಹಿ ಹಾಕುತ್ತಾರೆ ಎಂದು ಸುದ್ದಿ. ಮೀಟರಪ್ಪನಿಗೆ ಅವರ ಎದುರು ನಿಂತು ಬಾಯಿ ಬಿಡುವ ಧೈರ್ಯವಿಲ್ಲ. ಹಾಗಾಗಿ ಶನಿವಾರ ಸಂಜೆ ಚಹಾ ಅಂಗಡಿಯಲ್ಲಿ ತನ್ನ ಸಂಕಟವನ್ನೆಲ್ಲ ಮಂತ್ರಿಯ ಮುಂದೆ ತೋಡಿಕೊಂಡ. ಮಂತ್ರಿಯೂ ಮೀಟರ್ ಓದುವವನೇ. ಕೇಳಿದವರಿಗೂ ಕೇಳದವರಿಗೂ ಸಲಹೆ ಹಂಚುತ್ತಿದ್ದುದರಿಂದ ಕಚೇರಿಯವರು ಆ ಪದವಿ ಕೊಟ್ಟಿದ್ದರು.

“ಗುರೂ, ಒಂದು ಮಾತು ಕಿವಿಗೆ ಹಾಕ್ಕೋ,” ಎಂದ ಮಂತ್ರಿ, ಮೀಟರಪ್ಪನ ಬನ್ನಿನಲ್ಲೇ ಅರ್ಧ ಮುರಿದುಕೊಳ್ಳುತ್ತ. “ಮೇಡಂಗೆ ನಾಯಿ ಅಂದ್ರೆ ಪ್ರಾಣ. ಹೊಸ ಮರಿ ತಂದಿದಾರೆ. ನಾಯಿಗೆ ಹೆದರೋ ಗಂಡಸು ನಂಬಿಕೆಗೆ ಯೋಗ್ಯನಲ್ಲ ಅಂತ ಅವರ ಸಿದ್ಧಾಂತ. ನಿನ್ನ ಕಾಲು ಅವರ ಕಣ್ಣಿಗೆ ಬಿತ್ತೋ, ನಿನ್ನ ಕಥೆ ಮುಗೀತು.”

“ಹಾಗಾದ್ರೆ ಏನು ಮಾಡ್ಲಿ?”

“ನಾಳೆ ಹಳೇ ಟೈಲ್ಸ್ ಗೋದಾಮಲ್ಲಿ ನಾಯಿಮರಿಗಳ ಕ್ಲಾಸಿದೆ. ಮರಿಗಳಿಗೆ ಜನ, ಸದ್ದು, ಬೇರೆ ನಾಯಿ ಎಲ್ಲ ಅಭ್ಯಾಸ ಮಾಡಿಸ್ತಾರಂತೆ. ಮೇಡಂ ಅಲ್ಲಿಗೆ ಬರ್ತಾರೆ. ನೀನೂ ಒಂದು ಮರಿ ಎತ್ಕೊಂಡು ಹೋಗು. ನಾಯಿ ಅಂದ್ರೆ ಜೀವ ಅನ್ನು. ಇಷ್ಟು ವರ್ಷದಲ್ಲಿ ಒಂದು ನಾಯಿನೂ ನಿನ್ನ ಮುಟ್ಟಿಲ್ಲ ಅನ್ನು. ಕುರ್ಚಿ ತಾನಾಗೇ ಬಂದು ನಿನ್ನ ಕೆಳಗೆ ಸೇರ್ಕೊಳ್ಳುತ್ತೆ.”

“ನಿನಗೆ ಬೇಡ್ವಾ ಆ ಕುರ್ಚಿ?”

“ನನಗ್ಯಾಕೋ! ಕೂತ್ರೆ ಸೊಂಟ ಹಿಡಿಯುತ್ತೆ. ನಾನು ಓಡಾಡೋ ಪ್ರಾಣಿ,” ಎಂದು ಮಂತ್ರಿ ಬನ್ನಿನ ಉಳಿದರ್ಧವನ್ನೂ ಮುಗಿಸಿದ. ಇಂಥ ಗೆಳೆಯನನ್ನು ಪಡೆಯಲು ಪುಣ್ಯ ಮಾಡಿರಬೇಕು ಎಂದುಕೊಂಡು ಮೀಟರಪ್ಪ ಇನ್ನೊಂದು ಬನ್ನು ತರಿಸಿದ.

ಭಾನುವಾರ ಬೆಳಗ್ಗೆ ಅವನು ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟು ಕನ್ನಡಿಯ ಮುಂದೆ ನಿಂತಾಗ ಹೆಂಡತಿ ಸೌಟು ಹಿಡಿದು ಬಾಗಿಲಿಗೆ ಬಂದಳು.

“ಎಲ್ಲಿಗ್ರೀ ಸವಾರಿ?”

“ನಾಯಿಮರಿ ಕ್ಲಾಸಿಗೆ.”

ಹೆಂಡತಿ ಸೌಟನ್ನು ಕೆಳಗಿಟ್ಟು ಗಂಡನ ಹಣೆ ಮುಟ್ಟಿ ನೋಡಿದಳು. ಜ್ವರವಿರಲಿಲ್ಲ. ಅವನು ಎಲ್ಲವನ್ನೂ ವಿವರಿಸಿದ. ಅವಳು ಸಮಾಧಾನದಿಂದ ಕೇಳಿ, “ಅಲ್ರೀ, ಎದುರುಮನೆ ಬೆಕ್ಕು ಆಕಳಿಸಿದ್ರೆ ನೀವು ಎರಡು ಹೆಜ್ಜೆ ಹಿಂದೆ ಹೋಗ್ತೀರಾ. ಇಷ್ಟೆಲ್ಲ ನಾಟಕ ಯಾಕೆ? ಮೇಡಂ ಹತ್ರ ಹೋಗಿ ಪ್ಯಾಂಟು ಮೇಲೆತ್ತಿ ಕಾಲು ತೋರ್ಸಿ. ಕಲ್ಲೂ ಕರಗುತ್ತೆ,” ಎಂದಳು.

“ಆಫೀಸಿನ ರಾಜಕೀಯ ನಿನಗೆ ಅರ್ಥ ಆಗಲ್ಲ ಕಣೇ,” ಎಂದು ಮೀಟರಪ್ಪ ಮೆಟ್ಟಿಲು ಹತ್ತಿದ. ಹೆಂಡತಿಯ ಮಾತಿಗೆ ಹೀಗೆ ಉತ್ತರ ಕೊಟ್ಟ ಗಂಡಸು ಉದ್ಧಾರವಾದದ್ದನ್ನು ನಾನಂತೂ ಕಂಡಿಲ್ಲ.

ಮೇಲಿನ ಮಹಡಿಯಲ್ಲಿದ್ದವಳು ಟೈಲರಮ್ಮ. ಅವಳ ಮನೆಯಲ್ಲಿ ಎರಡು ತಿಂಗಳ ಕಂದು ಮರಿಯೊಂದು ತುಂಡು ಬಟ್ಟೆಗಳ ರಾಶಿಯ ಮೇಲೆ ಪಟ್ಟಾಭಿಷೇಕವಾದಂತೆ ಮಲಗಿತ್ತು. ಒಂದು ಕಿವಿ ನಿಂತಿತ್ತು, ಇನ್ನೊಂದು ನಿಲ್ಲಲೋ ಬೇಡವೋ ಎಂದು ಯೋಚಿಸುತ್ತಿತ್ತು.

“ಕರ್ಕೊಂಡು ಹೋಗಣ್ಣ, ನನಗೂ ನಾಲ್ಕು ಬ್ಲೌಸು ಮುಗಿಸೋಕೆ ಬಿಡುವಾಗುತ್ತೆ,” ಎಂದಳು ಟೈಲರಮ್ಮ ಸಂತೋಷದಿಂದ. “ಹೆಸರು ಜಮೀನ್ದಾರ. ಎಲ್ಲಿ ಬಿಟ್ರೂ ನಾಲ್ಕು ಹನಿ ಹಾಕಿ ಜಾಗ ತನ್ನದು ಅಂತಾನೆ. ಈ ಮನೇಲಿ ಈಗ ನಾನೇ ಬಾಡಿಗೆಗೆ ಇರೋ ಹಾಗಾಗಿದೆ. ಮೊದಲ ಇಂಜೆಕ್ಷನ್ ಆಗಿದೆ, ಆದ್ರೂ ರಸ್ತೆ ಮೇಲೆ ಬಿಡಬೇಡ, ಎತ್ಕೊಂಡೇ ಹೋಗು. ಗುಂಡಿ ಕಂಡ್ರೆ ಕಿತ್ತು ನುಂಗ್ತಾನೆ. ಹೊಲಿಗೆ ಮೆಷಿನ್ ಸದ್ದಿಲ್ದೆ ಇವನಿಗೆ ನಿದ್ದೆ ಬರಲ್ಲ. ತೀರಾ ಗಲಾಟೆ ಮಾಡಿದ್ರೆ ಬಾಯಲ್ಲೇ ಟರ್‍ರ್ ಅನ್ನು.”

ಮೀಟರಪ್ಪ ಕಣ್ಣು ಮುಚ್ಚಿ ಎರಡು ಕೈ ಚಾಚಿದ. ಬೆಚ್ಚಗಿನ, ಒದ್ದಾಡುವ ಏನೋ ಒಂದು ಕೈಗೆ ಬಂತು. ಅದನ್ನು ಹಾಗೇ ಬಿಲ್ಲಿನ ಚೀಲದೊಳಗೆ ಇಳಿಸಿ, ಚೀಲವನ್ನು ಮೈಯಿಂದ ಮಾರು ದೂರ ಹಿಡಿದುಕೊಂಡು ಕೆಳಗಿಳಿದ. ಮೆಟ್ಟಿಲ ಬುಡದಲ್ಲಿ ಪೇಪರ್ ಓದುತ್ತ ಕೂತಿದ್ದ ನಿವೃತ್ತ ಬಸ್ ಕಂಡಕ್ಟರು ಕನ್ನಡಕ ಏರಿಸಿ ನೋಡಿದರು.

“ಏನಯ್ಯ, ಬಾಂಬು ಹಿಡಿದ ಹಾಗೆ ಹಿಡ್ಕೊಂಡಿದೀಯ! ಮರಿಗೆ ಎದೆ ಬಡಿತ ಕೇಳಿಸ್ಬೇಕು. ಎದೆಗೆ ಒತ್ತಿ ಹಿಡ್ಕೋ.”

ಬೇಡವೆನ್ನುವಷ್ಟರಲ್ಲಿ ಅವರೇ ಎದ್ದು ಬಂದು, ಮರಿಯನ್ನು ಚೀಲದಿಂದ ತೆಗೆದು, ಮೀಟರಪ್ಪನ ಎದೆಗೆ ಒತ್ತಿಬಿಟ್ಟರು. ಎದೆ ಬಡಿತ ಮರಿಗೇನು, ಬೀದಿಯ ಆ ಬದಿಗೂ ಕೇಳುವಂತಿತ್ತು. ಜಮೀನ್ದಾರ ಬಿಳಿ ಶರ್ಟನ್ನು ಮೂಸಿ ನೋಡಿ, ಸ್ಥಳ ಅನುಕೂಲವಾಗಿದೆ ಎಂದು ಕಂಡು, ಕೂಡಲೇ ಸ್ವಾಧೀನಪಡಿಸಿಕೊಂಡ. ಬಸ್ಸು ಹತ್ತುವ ಮುಂಚೆ ಮೇಲಿನ ಗುಂಡಿ ಹೋಯಿತು. ಇಳಿಯುವ ಮುಂಚೆ ಇನ್ನೆರಡು ಹೋದವು. ಪಕ್ಕದಲ್ಲಿ ಕೂತಿದ್ದ ಹೆಂಗಸು ತನ್ನ ಸ್ವೆಟರಿನ ಗುಂಡಿಗಳನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು ನಿಲ್ದಾಣ ಬರುವವರೆಗೂ ಅವನನ್ನೇ ದುರುಗುಟ್ಟಿ ನೋಡಿದಳು, ತಿಂದವನು ಅವನೇ ಎಂಬಂತೆ.

ಗೋದಾಮಿನಲ್ಲಿ ಈಗ ಟೈಲ್ಸ್ ಇರಲಿಲ್ಲ. ನುಣ್ಣನೆಯ ನೆಲ, ತಗಡಿನ ಚಾವಣಿ, ಮೂಲೆಯಲ್ಲೊಂದು ನೀರಿನ ಡ್ರಮ್ಮು, ಗೋಡೆಯುದ್ದಕ್ಕೂ ಪ್ಲಾಸ್ಟಿಕ್ ಕುರ್ಚಿಗಳು. ಏಳೆಂಟು ಮರಿಗಳು ನೆಲದ ಮೇಲೆ ಜಾರುತ್ತ, ಒಂದರ ಮೇಲೊಂದು ಬೀಳುತ್ತ, ಬಿದ್ದದ್ದು ಇನ್ನೊಂದರ ತಪ್ಪು ಎಂದು ಕೂಗಾಡುತ್ತಿದ್ದವು. ಮಧ್ಯದಲ್ಲಿ ಕೊರಳಿಗೆ ಸೀಟಿ ಕಟ್ಟಿಕೊಂಡ ದಪ್ಪ ಮೀಸೆಯ ಮನುಷ್ಯನೊಬ್ಬ ನಿಂತಿದ್ದ. ಹಿಂದೆ ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವನು. ಮಕ್ಕಳು ಹೇಳಿದ ಮಾತು ಕೇಳುವುದಿಲ್ಲವೆಂದು ಬೇಸತ್ತು ನಾಯಿಗಳ ಕಡೆಗೆ ಬಂದಿದ್ದ. ಅವನು ನಾಯಿಗಳಿಗೆ ಬಹುವಚನ ಬಳಸುತ್ತಿದ್ದ, ಮನುಷ್ಯರನ್ನು ಗದರುತ್ತಿದ್ದ.

“ಹೊಸಬರಾ? ಲೇಟು! ಇವರ ಹೆಸರು?”

“ಜಮೀನ್ದಾರ ಸಾರ್.”

“ಯಾವ ಜಾತಿ?”

ಮೀಟರಪ್ಪ ತಬ್ಬಿಬ್ಬಾದ. ಟೈಲರಮ್ಮ ಅದನ್ನು ಹೇಳಿರಲಿಲ್ಲ. “ಎಲ್ಲಾ ಜಾತಿನೂ ಸೇರಿದೆ ಸಾರ್,” ಎಂದ.

“ಒಳ್ಳೇದು. ಅಂಥವರೇ ಬೇಗ ಹೊಂದ್ಕೊಳ್ಳೋದು. ಕೂತ್ಕೋ!” ಎಂದು ಮೇಷ್ಟ್ರು ಸೀಟಿ ಊದಿದ. ಮೂರು ಮರಿಗಳೂ ಮೀಟರಪ್ಪನೂ ಒಟ್ಟಿಗೆ ಕೂತರು.

ಕೂತು ಪಕ್ಕಕ್ಕೆ ತಿರುಗಿದರೆ ಅಲ್ಲೇ ಇಂಜಿನಿಯರ್ ಮೇಡಂ. ಅವರ ಕಾಲಬಳಿ ಕಪ್ಪು ಬಣ್ಣದ ಒಂದು ಆಕಾರ. ಅದೂ ಮರಿಯೇ ಅಂತೆ. ಆದರೆ ತಲೆ ನೀರಿನ ಕೊಡದಷ್ಟಿತ್ತು, ಪಾದಗಳು ಚಪಾತಿಯಷ್ಟಗಲ. ಮೇಡಂ ಅದನ್ನು ಪ್ರೀತಿಯಿಂದ ‘ಕರು’ ಎನ್ನುತ್ತಿದ್ದರು. ಹಸು ಎಂದಿದ್ದರೂ ನಡೆಯುತ್ತಿತ್ತು.

“ಅರೆ, ನೀವಾ! ನೀವು ಇಲ್ಲಿ?” ಎಂದು ಮೇಡಂ ನಿಜವಾಗಿಯೂ ಬೆರಗಾದರು. “ನಿಮಗೆ ನಾಯಿ ಅಂದ್ರೆ ಆಗಲ್ಲ ಅಂತ ಕೇಳಿದ್ದೆನಲ್ಲ?”

ಮೀಟರಪ್ಪ ಮರಿಯನ್ನು ಇನ್ನಷ್ಟು ಎದೆಗೆ ಒತ್ತಿಕೊಂಡ. ಮಂತ್ರಿ ಎಚ್ಚರಿಸದೆ ಇದ್ದಿದ್ದರೆ ಗತಿ ಏನಾಗುತ್ತಿತ್ತು! “ಯಾರೋ ಹೊಟ್ಟೆಕಿಚ್ಚಿಗೆ ಹೇಳಿರ್ತಾರೆ ಮೇಡಂ,” ಎಂದು ಅವಸರದಲ್ಲಿ ಹೇಳಿದ. “ನನಗೆ ನಾಯಿ ಅಂದ್ರೆ ಜೀವ. ಅನ್ನ ಬಿಟ್ಟೇನು, ನಾಯಿ ಬಿಡಲ್ಲ.” ಹೇಳುವಾಗ ಜಮೀನ್ದಾರ ಅವನ ನಾಲ್ಕನೆಯ ಗುಂಡಿಯನ್ನು ನುಂಗುತ್ತಿದ್ದ.

“ಹೌದಾ...” ಎಂದರು ಮೇಡಂ. ಆ ‘ಹೌದಾ’ದಲ್ಲಿ ಏನೋ ಯೋಚನೆಯಿತ್ತು. ಮೀಟರಪ್ಪ ಅದನ್ನು ಮೆಚ್ಚುಗೆ ಎಂದುಕೊಂಡ.

ಮೊದಲ ಪಾಠ ಸದ್ದಿನದು. ಮೇಷ್ಟ್ರು ತಟ್ಟೆ ಬೀಳಿಸಿದ, ಕೊಡೆ ಫಟ್ಟನೆ ಬಿಚ್ಚಿದ, ತಗಡು ಬಡಿದ. ಪ್ರತಿ ಸದ್ದಿಗೂ ಮರಿಗಳ ಬಾಯಿಗೆ ಒಂದೊಂದು ಬಿಸ್ಕತ್ತಿನ ಚೂರು ಹಾಕಿ, ಸದ್ದೆಂದರೆ ತಿಂಡಿ ಎಂದು ಅವುಗಳಿಗೆ ನಂಬಿಸಿದ. ಮರಿಗಳು ಎರಡೇ ಸಲಕ್ಕೆ ಕಲಿತವು. ಮೀಟರಪ್ಪ ಮಾತ್ರ ಪ್ರತಿ ಸಲವೂ ಕುರ್ಚಿಯಿಂದ ಗೇಣುದ್ದ ಮೇಲೆದ್ದು ಕೂರುತ್ತಿದ್ದ.

ಎರಡನೆಯ ಪಾಠ ಇನ್ನೂ ಘೋರ. ಎಲ್ಲರೂ ನೆಲದ ಮೇಲೆ ವೃತ್ತಾಕಾರವಾಗಿ ಕೂರಬೇಕು. ಸೀಟಿ ಊದಿದಾಗಲೆಲ್ಲ ತನ್ನ ಮಡಿಲಿನ ಮರಿಯನ್ನು ಬಲಗಡೆಯವರಿಗೆ ದಾಟಿಸಿ ಎಡಗಡೆಯವರ ಮರಿಯನ್ನು ತೆಗೆದುಕೊಳ್ಳಬೇಕು. ಮರಿಗೆ ಎಲ್ಲ ಬಗೆಯ ಮನುಷ್ಯರ ಮಡಿಲೂ ಅಭ್ಯಾಸವಾಗಲಿ ಎಂಬುದು ಉದ್ದೇಶ. ಮನುಷ್ಯನ ಗತಿ ಏನು ಎಂದು ಯಾರೂ ಕೇಳಲಿಲ್ಲ.

ಸೀಟಿ ಊದಿತು. ಮೀಟರಪ್ಪನ ಮಡಿಲಿಗೆ ಚೂಪು ಮೂತಿಯ ಮರಿಯೊಂದು ಬಂದು ಬಿತ್ತು. ಅದು ಅವನಿಗೆ ವಕೀಲರ ಮನೆಯ ನಾಯಿಯ ಮೊಮ್ಮಗನಂತೆ ಕಂಡಿತು. ಅವನು ಕಲ್ಲಾದ. ಉಸಿರು ಕಟ್ಟಿದ, ಕಣ್ಣನ್ನು ಚಾವಣಿಗೆ ನೆಟ್ಟ, ಕೈಗಳನ್ನು ಮಂಡಿಯ ಮೇಲಿಟ್ಟು ಒಂದು ಬೆರಳನ್ನೂ ಅಲುಗಿಸಲಿಲ್ಲ. ಹಲ್ಲುಗಳು ಮಾತ್ರ ತಮ್ಮಷ್ಟಕ್ಕೆ ತಾವು ಟರ್‍ರ್ ಎಂದು ಕಟಕಟಿಸತೊಡಗಿದವು. ಉಳಿದವರ ಮಡಿಲುಗಳಲ್ಲಿ ಮರಿಗಳು ಒದ್ದಾಡುತ್ತಿದ್ದವು. ಅವರೆಲ್ಲ ಮುದ್ದು ಮಾಡುತ್ತಿದ್ದರು, ಮೂತಿ ಹಿಂಡುತ್ತಿದ್ದರು, “ಏನಮ್ಮಾ ಚಿನ್ನೂ” ಎನ್ನುತ್ತಿದ್ದರು. ಮೀಟರಪ್ಪನ ಮಡಿಲಿನ ಮರಿ ಮಾತ್ರ ಒಂದು ಸುತ್ತು ಸುತ್ತಿ, ಮುದುಡಿ, ನಿದ್ದೆ ಹೋಯಿತು.

ಮತ್ತೆ ಸೀಟಿ. ಮುಂದಿನ ಮರಿಯೂ ಹಾಗೇ. ಅದರ ಮುಂದಿನದೂ ಹಾಗೇ. ಕೊನೆಗೆ ಕರುವೂ ಬಂತು. ಅರ್ಧ ಮಡಿಲಿನಲ್ಲಿ, ಅರ್ಧ ನೆಲದ ಮೇಲೆ ಒರಗಿ ಗೊರಕೆ ಹೊಡೆಯತೊಡಗಿತು. ಮೀಟರಪ್ಪನ ಕಣ್ಣಂಚಿನಲ್ಲಿ ನೀರು ಬಂತು. ಅದು ಜೀವಭಯದ ನೀರು.

“ಎಲ್ಲರೂ ಇಲ್ಲಿ ನೋಡಿ!” ಎಂದು ಮೇಷ್ಟ್ರು ಗರ್ಜಿಸಿದ. “ನೀವೆಲ್ಲ ಹಿಂಡಿ ಹಿಪ್ಪೆ ಮಾಡ್ತಿದೀರಾ. ಈ ಮನುಷ್ಯನ್ನ ನೋಡಿ ಕಲೀರಿ. ಏನು ಶಾಂತಿ! ಏನು ಗಾಂಭೀರ್ಯ! ಬಾಯಲ್ಲಿ ಅದೇನೋ ಜೋಗುಳ ಬೇರೆ. ಕಣ್ಣಲ್ಲಿ ನೀರು ನೋಡಿ, ಪ್ರೀತಿ ಅಂದ್ರೆ ಇದು!”

ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಡಂ ಎಲ್ಲರಿಗಿಂತ ಜೋರಾಗಿ ತಟ್ಟಿದರು. ಭಯದ ನಡುವೆಯೂ ಮೀಟರಪ್ಪನಿಗೆ ಫ್ಯಾನಿನ ಗಾಳಿ ಬೀಸಿದಂತಾಯಿತು.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಮೂರನೆಯ ಪಾಠ ಅಪರಿಚಿತನದು. ಬಾಗಿಲಿನಿಂದ ಗುರುತಿಲ್ಲದ ಒಬ್ಬ ಮನುಷ್ಯ ಒಳಗೆ ಬರಬೇಕು, ಮರಿಗಳು ಅವನನ್ನು ಕಂಡು ಹೆದರಬಾರದು, ಬೊಗಳಬಾರದು. ಈ ಪಾತ್ರಕ್ಕೆಂದು ಬರುತ್ತಿದ್ದವನು ಅವತ್ತು ಬಂದಿರಲಿಲ್ಲ. ಯಾರನ್ನು ಹಿಡಿಯುವುದು ಎಂದು ಮೇಷ್ಟ್ರು ಸುತ್ತ ನೋಡಿದ.

“ಇವರನ್ನೇ ಕರೀರಿ,” ಎಂದರು ಮೇಡಂ ಉತ್ಸಾಹದಿಂದ. “ಇವರು ನಮ್ಮ ಆಫೀಸಿನ ಮೀಟರ್ ರೀಡರು.”

“ಮೀಟರ್ ರೀಡರ್ರಾ!” ಮೇಷ್ಟ್ರಿಗೆ ನಿಧಿ ಸಿಕ್ಕಿದಂತಾಯಿತು. “ನಾಯಿ ಕುಲಕ್ಕೇ ಅವರನ್ನ ಕಂಡ್ರಾಗಲ್ಲ. ನಡಿ, ಹೊರಗೆ ನಡಿ! ಈ ರೇನ್‌ಕೋಟು ಹಾಕ್ಕೋ, ಹೆಲ್ಮೆಟ್ ಹಾಕ್ಕೋ. ಸೀಟಿ ಊದಿದ ಕೂಡಲೇ ಬಾಗಿಲು ತಳ್ಳಿ ‘ಮೀಟರ್’ ಅಂತ ಕೂಗಿ ಒಳಗೆ ಬಾ!”

ಮೀಟರಪ್ಪ ಗೋದಾಮಿನ ಹೊರಗೆ ಉದ್ದನೆಯ ರೇನ್‌ಕೋಟಿನಲ್ಲಿ ನಿಂತ. ಎದುರಿಗೇ ಬಸ್ ನಿಲ್ದಾಣ. ಓಡಿದರೆ ಜೀವ ಉಳಿಯುತ್ತದೆ, ಕುರ್ಚಿ ಹೋಗುತ್ತದೆ. ಒಳಗೆ ಹೋದರೆ ಕುರ್ಚಿ ಸಿಗುತ್ತದೆ, ಕೂರುವುದಕ್ಕೆ ಏನಾದರೂ ಉಳಿದಿದ್ದರೆ. ಅವನು ಇನ್ನೂ ತೂಗಿ ನೋಡುತ್ತಿರುವಾಗಲೇ ಸೀಟಿ ಊದಿತು. ಹದಿನೈದು ವರ್ಷದ ಅಭ್ಯಾಸ, ಕೈ ಬಾಗಿಲು ತಳ್ಳಿತು, ಬಾಯಿ “ಮೀಟರ್!” ಎಂದಿತು.

ಒಳಗಿದ್ದ ಅಷ್ಟೂ ಮರಿಗಳು ಒಮ್ಮೆಲೇ ತಿರುಗಿ ನೋಡಿದವು. ಬೆಳಗ್ಗಿನಿಂದ ಅವು ಕಲಿತದ್ದು ಒಂದೇ ಪಾಠ: ಹೊಸ ಸದ್ದೆಂದರೆ ಬಿಸ್ಕತ್ತು. ಹುಯ್ಯೆಂದು ನುಗ್ಗಿ ಬಂದವು. ಒಂದು ಎಡಗಾಲಿನ ಲೇಸು ಹಿಡಿಯಿತು, ಇನ್ನೊಂದು ಬಲಗಾಲಿನದು. ಜಮೀನ್ದಾರ ರೇನ್‌ಕೋಟಿನ ಗುಂಡಿಗಳನ್ನು ಕಂಡು ಆನಂದಭರಿತನಾದ. ಹಿಂದಿನಿಂದ ಕರು ಬ್ರೇಕಿಲ್ಲದ ಲಾರಿಯಂತೆ ನುಣ್ಣನೆಯ ನೆಲದ ಮೇಲೆ ಜಾರುತ್ತ ಬಂದು ಅವನ ಎದೆಗೆ ಡಿಕ್ಕಿ ಹೊಡೆಯಿತು. ಮೀಟರಪ್ಪ ಅಂಗಾತ ಬಿದ್ದ. ಕೂಗಲು ಬಾಯಿ ತೆರೆದ. ಕರು ಆ ಅವಕಾಶವನ್ನು ಬಳಸಿಕೊಂಡು ನಾಲಿಗೆಯನ್ನು ಒಳಗೇ ಹಾಕಿತು. ಅವನ ಕೈಕಾಲುಗಳು ಗಾಳಿಯಲ್ಲಿ ಈಜಾಡಿದವು.

“ಆಹಾ, ಮರಿಗಳ ಜೊತೆ ಮರಿ ಆಗ್ಬಿಟ್ರು ನೋಡಿ!” ಎಂದು ಯಾರೋ ಹೇಳಿದರು. ಇನ್ನಾರೋ ಫೋನಿನಲ್ಲಿ ವಿಡಿಯೊ ಮಾಡಿಕೊಂಡರು.

ಮರಿಗಳನ್ನು ಒಂದೊಂದಾಗಿ ಬಿಡಿಸಿ ಅವನನ್ನು ಎಬ್ಬಿಸಿ ಕೂರಿಸಿದಾಗ ಹೆಲ್ಮೆಟ್ ಹಿಂದುಮುಂದಾಗಿತ್ತು, ಪ್ಯಾಂಟು ಮಂಡಿಯವರೆಗೆ ಏರಿತ್ತು. ಬೇಕರಿ ಓಣಿಯಿಂದ ಹಿಡಿದು ವಕೀಲರ ಮನೆಯವರೆಗೆ ಎಲ್ಲವೂ ಬಟಾಬಯಲು. ಮೇಡಂ ಬಗ್ಗಿ ನೋಡಿದರು. ಅವರ ಮುಖ ಗಂಭೀರವಾಯಿತು.

“ಇದೇನು ಇಷ್ಟೊಂದು ಗಾಯದ ಗುರುತು?”

ಮೀಟರಪ್ಪ ಪ್ಯಾಂಟನ್ನು ಸರ್‍ರನೆ ಕೆಳಗೆಳೆದ. “ಸೈಕಲ್ ಚೈನು ಮೇಡಂ. ಚಿಕ್ಕಂದಿನಲ್ಲಿ ಸಿಕ್ಕಿಹಾಕ್ಕೊಂಡಿತ್ತು.”

“ಇಷ್ಟೂ?”

“ಚೈನು ತುಂಬಾ ಸಡಿಲ ಇತ್ತು ಮೇಡಂ.”

“ಎರಡೂ ಕಾಲಿಗಾ?”

“ಒಂದು ಕಾಲು ಬಿಡಿಸೋಕೆ ಹೋಗಿ ಇನ್ನೊಂದು ಸಿಕ್ಕಿಕೊಳ್ತಿತ್ತು.”

ಮೇಡಂ ಅವನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತರು. ದನಿ ಮೆತ್ತಗಾಯಿತು. “ನೋಡಿ, ಸಂಕೋಚ ಬೇಡ. ನಾಯಿ ಕಚ್ಚಿದ್ದಾದ್ರೆ ನಾಯಿ ಕಚ್ಚಿದ್ದು ಅಂತ್ಲೇ ಹೇಳಿ. ನನಗೆ ಗೊತ್ತಿರಬೇಕಾದ ವಿಷಯ ಅದು.”

ಬಲೆ ಬೀಸುತ್ತಿದ್ದಾರೆ ಎಂದುಕೊಂಡ ಮೀಟರಪ್ಪ. “ನಾಯಿನಾ? ಇಷ್ಟು ವರ್ಷದಲ್ಲಿ ಒಂದು ನಾಯಿನೂ ನನ್ನ ಮುಟ್ಟಿಲ್ಲ ಮೇಡಂ.”

“ಒಂದೂ?”

“ಒಂದೂ ಇಲ್ಲ. ನನ್ನ ಕಂಡ್ರೆ ಗೇಟು ತೆಗೀತಾವೆ ಮೇಡಂ ಅವು.”

ಮೇಡಂ ದೀರ್ಘವಾಗಿ ಉಸಿರು ಬಿಟ್ಟು ಎದ್ದರು. ಮೀಟರಪ್ಪನೂ ಒಳಗೊಳಗೇ ಉಸಿರು ಬಿಟ್ಟ. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ ಎಂದು ಅವನ ಲೆಕ್ಕ.

ಕ್ಲಾಸು ಮುಗಿದು ಎಲ್ಲರೂ ಮರಿಗಳನ್ನು ಎತ್ತಿಕೊಂಡು ಗೋದಾಮಿನ ಗೇಟಿನ ಬಳಿ ಬಂದಾಗ ಮೇಡಂ ಅವನನ್ನು ಪಕ್ಕಕ್ಕೆ ಕರೆದರು. ಒಂದು ಕೈಯಲ್ಲಿ ಕರುವಿನ ಹಗ್ಗ, ಮುಖದಲ್ಲಿ ನಗು.

“ಆ ದೂರು ವಿಭಾಗದ ಕುರ್ಚಿ ವಿಷಯ. ನನ್ನ ತಲೆ ಮೇಲಿಂದ ದೊಡ್ಡ ಭಾರ ಇಳಿಸಿದ್ರಿ ನೀವು.”

ಮೀಟರಪ್ಪ ಎರಡೂ ಕೈ ಜೋಡಿಸಿದ. ಗುಂಡಿಯಿಲ್ಲದ ಶರ್ಟು ಗಾಳಿಗೆ ಧ್ವಜದಂತೆ ಹಾರಿತು. “ಎಲ್ಲಾ ನಿಮ್ಮ ದಯೆ ಮೇಡಂ.”

“ಅದನ್ನ ನಿಮಗೇ ಅಂತ ಇಟ್ಟಿದ್ದೆ. ನಾನು ಬಂದಾಗಿನಿಂದ ಎಲ್ಲರೂ ಒಂದೇ ಮಾತು ಹೇಳ್ತಿದ್ರು, ಪಾಪ ಅವರ ಕಾಲು ಪೂರ್ತಿ ನಾಯಿಗಳ ಪಾಲಾಗಿದೆ ಅಂತ. ನಾಯಿ ಕಾಟ ಯಾರಿಗೆ ಜಾಸ್ತಿಯೋ ಅವರನ್ನ ಒಳಗೆ ಕೂರಿಸೋಣ ಅನ್ನೋದು ನನ್ನ ಯೋಚನೆ. ಆದ್ರೆ ನಿನ್ನೆ ನಿಮ್ಮ ಗೆಳೆಯರು, ಅದೇ ನೀವೆಲ್ಲ ಮಂತ್ರಿ ಅಂತೀರಲ್ಲ, ಅವರು ಮನೆಗೇ ಬಂದಿದ್ರು.”

ಮೀಟರಪ್ಪನ ಜೋಡಿಸಿದ ಕೈಗಳು ಹಾಗೇ ನಿಂತವು.

“‘ಮೇಡಂ, ಅವನಿಗೆ ನಾಯಿ ಅಂದ್ರೆ ಪ್ರಾಣ, ಒಳಗೆ ಕೂರಿಸಿದ್ರೆ ಕೊರಗಿ ಹೋಗ್ತಾನೆ. ನಂಬಿಕೆ ಇಲ್ದಿದ್ರೆ ನಾಳೆ ಕ್ಲಾಸಲ್ಲಿ ನೀವೇ ನೋಡಿ. ನಿಜವಾಗಿ ಕಚ್ಚಿಸ್ಕೊಂಡು ಸಾಯ್ತಿರೋನು ನಾನು’ ಅಂದ್ರು. ಮೊಣಕಾಲವರೆಗೂ ಬ್ಯಾಂಡೇಜ್ ಸುತ್ಕೊಂಡಿದ್ರು, ಪಾಪ. ನಾನು ನಂಬಿರಲಿಲ್ಲ. ಅದಕ್ಕೇ ನಿಮ್ಮನ್ನ ಅಷ್ಟು ಸಲ ಕೆದಕಿ ಕೆದಕಿ ಕೇಳಿದ್ದು. ನಾಳೆ ಅವರ ಹೆಸರಿಗೇ ಸಹಿ ಹಾಕ್ತೀನಿ. ಅವರು ಮೀಟರ್ ಓದೋದು ಬಂಗಲೆಗಳ ಬಡಾವಣೆಲಿ ನೋಡಿ, ಗೇಟಿಗೊಂದು ನಾಯಿ. ಯಾರೂ ಒಪ್ಪಲ್ಲ. ಅದನ್ನೂ ನೀವೇ ಸೇರಿಸ್ಕೊಂಡು ನೋಡ್ಕೊಂಡುಬಿಡಿ. ನಿಮಗಾದ್ರೆ ಗೇಟು ಅವೇ ತೆಗೀತಾವಲ್ಲ!”

ಆ ಬಡಾವಣೆಯ ನಾಯಿಗಳನ್ನು ಮೀಟರಪ್ಪ ದೂರದಿಂದ ಬಲ್ಲ. ಅಲ್ಲಿ ಹಾಲು ಹಾಕುವವನೂ ಗೋಡೆಯ ಮೇಲಿಂದಲೇ ಪ್ಯಾಕೆಟ್ ಎಸೆಯುತ್ತಾನೆ. ಹದಿನೈದು ವರ್ಷ ಬಾಯಿ ಬಿಡದೆ ನುಂಗಿದ ಸಂಕಟವೆಲ್ಲ ಒಮ್ಮೆಲೇ ಉಕ್ಕಿ ಬಂತು.

“ಮೇಡಂ, ಎಲ್ಲಾ ಸುಳ್ಳು!” ಎಂದು ಕೂಗಿದ. “ನನಗೆ ನಾಯಿ ಕಂಡ್ರೆ ಪ್ರಾಣ ಹೋಗುತ್ತೆ. ಈ ಮರಿ ನಂದಲ್ಲ, ಮೇಲಿನ ಮನೆ ಟೈಲರಮ್ಮಂದು. ಇವು ಚೈನಿನ ಗುರುತಲ್ಲ ಮೇಡಂ, ನಾಯಿ ಕಚ್ಚಿದ್ದು! ಇದು ಬೇಕರಿದು, ಇದು ವಕೀಲರದು. ಇನ್ನೊಂದಿದೆ, ಅದನ್ನ ತೋರಿಸೋ ಹಾಗಿಲ್ಲ!”

ಮೇಡಂ ಮುಖದ ಮೇಲಿನ ನಗು ಹೋಯಿತು. “ಆಗ ನಾನು ಅಷ್ಟು ಕೇಳಿದಾಗ ಒಂದೂ ಇಲ್ಲ ಅಂದ್ರಿ. ಈಗ ಕುರ್ಚಿ ಅಂದ ತಕ್ಷಣ ಚೈನೆಲ್ಲ ನಾಯಿ ಆಗೋಯ್ತಾ? ಗೆಳೆಯನಿಗೆ ಸಿಗುತ್ತೆ ಅಂತ ಇಷ್ಟೊಂದು ಹೊಟ್ಟೆಕಿಚ್ಚು ಪಡಬಾರದು. ಎಲ್ಲ ನಾಯಿಗಳೂ ನಿಮ್ಮ ಮಡಿಲಲ್ಲಿ ಮಲಗಿದ್ದನ್ನ ನಾನು ಕಣ್ಣಾರೆ ನೋಡಿದೀನಿ.”

“ಅದು ಭಯಕ್ಕೆ ಕಲ್ಲಾಗಿದ್ದೆ ಮೇಡಂ!”

“ಕಣ್ಣೀರು?”

“ಅದೂ ಭಯಕ್ಕೆ!”

“ಜೋಗುಳ?”

“ಹಲ್ಲು ಕಡೀತಿತ್ತು ಮೇಡಂ!”

ಸುತ್ತ ನಿಂತವರೆಲ್ಲ ಘೊಳ್ಳೆಂದು ನಕ್ಕರು. ಇವನು ಇಷ್ಟು ಒಳ್ಳೆಯ ತಮಾಷೆಗಾರ ಎಂದು ಯಾರಿಗೂ ಗೊತ್ತಿರಲಿಲ್ಲ. ಮೇಷ್ಟ್ರು ಅವನ ಬೆನ್ನು ಚಪ್ಪರಿಸಿ, ಇನ್ನು ಮುಂದೆ ಪ್ರತಿ ಭಾನುವಾರವೂ ಅಪರಿಚಿತನ ಪಾತ್ರ ನಿನ್ನದೇ ಎಂದು ಘೋಷಿಸಿದ. ಮೇಡಂ ಕೂಡ ತಡೆಯಲಾರದೆ ನಕ್ಕು, ಬರುತ್ತಾರೆ ಬರುತ್ತಾರೆ ಎಂದು ಅವನ ಪರವಾಗಿ ಒಪ್ಪಿಕೊಂಡರು.

ಮೀಟರಪ್ಪನಿಗೆ ಇನ್ನು ಒಂದೇ ದಾರಿ ಉಳಿದಿತ್ತು. ಅವನು ಗೇಟಿನ ಬಳಿಯ ಮಣ್ಣಿನಲ್ಲಿ ಧೊಪ್ಪನೆ ಕೂತು, ಪ್ಯಾಂಟನ್ನು ಮಂಡಿಯವರೆಗೆ ಮಡಚಿ, ಹುಟ್ಟಿದಂದಿನಿಂದ ಮಾಡದ ಕೆಲಸ ಮಾಡಿದ. ಬರಿಗಾಲನ್ನು ತಾನಾಗಿಯೇ ಕರುವಿನ ಬಾಯಿಯ ಮುಂದೆ ಚಾಚಿದ.

“ಕಚ್ಚಪ್ಪಾ,” ಎಂದು ಅಂಗಲಾಚಿದ. “ನಿನ್ನ ದಮ್ಮಯ್ಯ. ಮೇಡಂ ನೋಡ್ತಿದಾರೆ, ಒಂದೇ ಒಂದ್ಸಲ ಕಚ್ಚಪ್ಪಾ.”

ಕರು ಆ ಕಾಲನ್ನು ಮೂಸಿತು. ಬಾಯಿ ತೆರೆಯಿತು. ಮೀಟರಪ್ಪ ಹಲ್ಲು ಕಚ್ಚಿ ಕಣ್ಣು ಮುಚ್ಚಿದ. ಕರು ಮಂಡಿಯಿಂದ ಹಿಮ್ಮಡಿಯವರೆಗೆ ನಿಧಾನವಾಗಿ, ತುಂಬಾ ಪ್ರೀತಿಯಿಂದ ನೆಕ್ಕಿತು. ಅದನ್ನು ಕಂಡು ಉಳಿದ ಮರಿಗಳೂ ತಮ್ಮ ತಮ್ಮ ಯಜಮಾನರ ಕೈಯಿಂದ ಜಾರಿಕೊಂಡು ಬಂದು ಸಾಲಾಗಿ ನೆಕ್ಕತೊಡಗಿದವು.

“ನೋಡಿದ್ರಾ?” ಎಂದರು ಮೇಡಂ ಎಲ್ಲರ ಕಡೆ ತಿರುಗಿ.

ಮೇಷ್ಟ್ರು ಹೆಮ್ಮೆಯಿಂದ ಉದ್ದನೆಯ ಸೀಟಿ ಊದಿ, ಇವತ್ತಿನ ಕ್ಲಾಸು ಸಂಪೂರ್ಣ ಯಶಸ್ವಿ ಎಂದ. ಮೀಟರಪ್ಪ ಮಾತ್ರ ಇನ್ನೂ ಕಣ್ಣು ಬಿಡದೆ, ಕಾಲು ಹಿಂದೆಳೆದುಕೊಳ್ಳದೆ, ಕಾಯುತ್ತಲೇ ಕೂತಿದ್ದ.